ಚಕ್ರಕ್ಕೆ ಹಿಡಿದ ಚಾಕು

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಗಾಜಿನಮನೆಯಲ್ಲಿ ದಿನವಿಡೀ ಬಗ್ಗಿ ಗಿಡ ನೋಡುವವನಿಗೆ ಬೆನ್ನು ನೋಯದೆ ಇರುತ್ತದೆಯೇ ಎಂದು ಅಮ್ಮ ದಿನಕ್ಕೆರಡು ಸಲ ಹೇಳುತ್ತಾಳೆ. ಒಳಗಿನ ಸೆಕೆಯಿಂದ ಹೊರಗಿನ ಚಳಿಗೆ ಬರುವಾಗ ಕಿವಿಗೆ ಬಟ್ಟೆ ಸುತ್ತಿಕೋ. ಅಮ್ಮನ ಮೊಣಕಾಲು ಮೊದಲಿನಂತೆಯೇ ಇದೆ, ಬೈಗುಳವೂ ಮೊದಲಿನಂತೆಯೇ ಇದೆ, ಹಾಗಾಗಿ ಅವಳ ಚಿಂತೆ ಬೇಡ. ಕಿಟಕಿಯಲ್ಲಿ ನೀನು ಇಟ್ಟುಹೋದ ಗುಲಾಬಿ ಎರಡು ಹೊಸ ಚಿಗುರು ಬಿಟ್ಟಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಬರೆದರೆ ಸುಳ್ಳಾಗುತ್ತದೆ.

ಈ ಕಾಗದಕ್ಕೆ ಇದು ಮೂರನೇ ಸಲ ಕೂತಿರುವುದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ "ಹೂಂ, ಹೂಂ, ಎಲ್ಲಾ ಚೆನ್ನಾಗಿದೆ" ಎಂದುಬಿಡುತ್ತೇನೆ. ಕಾಗದ ಮಧ್ಯೆ ಬಾಯಿ ಹಾಕುವುದಿಲ್ಲ. ವಿಷಯ ನಿನ್ನ ಜಪಾನಿನ ಚಾಕುವಿನದು. ಅದನ್ನು ಹಾಳುಮಾಡಿದ್ದು ಅತ್ತಿಗೆಯಲ್ಲ, ನಾನು. ನೋಡು, ಬರೆದುಬಿಟ್ಟೆ. ಹೇಗಾಯಿತೆಂದೂ ಬರೆಯುತ್ತೇನೆ, ಅರ್ಧಕ್ಕೇ ಹರಿದುಹಾಕಬೇಡ.

ಹೊರಗಿನ ಚಾಕು ತಂದರೆ ಗಿಡಗಳಿಗೆ ರೋಗ ಅಂಟೀತೆಂದು ಗಾಜಿನಮನೆಯವರು ಬಿಡುವುದಿಲ್ಲ ಎಂದು ತಿಳಿದ ದಿನ ನೀನು ಎಷ್ಟು ಸಪ್ಪಗಾಗಿದ್ದೆ, ನೆನಪಿದೆ. ನೀನು ಮೊದಲಿದ್ದ ನರ್ಸರಿಯ ಯಜಮಾನರು ಹನ್ನೊಂದು ವರ್ಷದ ಕಸಿ ಕೆಲಸಕ್ಕೆ ಮೆಚ್ಚಿ ಕೊಟ್ಟ ಚಾಕು ಅದು. ಹೊರಡುವ ಹಿಂದಿನ ದಿನ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ನನಗೆ ಪಾಠ ಹೇಳಿದೆ. ಅದರಲ್ಲಿ ಒಂದಕ್ಷರವೂ ನನಗೆ ಮರೆತಿರಲಿಲ್ಲ, ನನ್ನ ನಾಚಿಕೆಯೇ ಅದು. ಅಡುಗೆಮನೆಯ ಚಾಕುವಿಗೆ ಹೊಟ್ಟೆ ಇರುತ್ತದೆ, ತೂಗಿ ತೂಗಿ ಕತ್ತರಿಸಲಿಕ್ಕೆ. ಇದರ ಬಾಯಿ ಮಾತ್ರ ಗೆರೆ ಎಳೆದಷ್ಟು ನೇರ, ಇಳಿಜಾರಾಗಿ ಬಂದು ತುದಿ ಕೂಡುವುದು ಬೆನ್ನು. ಬಾಯಿ ನೇರ ಇದ್ದರೇ ಕಡ್ಡಿಯ ಮೇಲೆ ಒಂದೇ ಎಳೆತಕ್ಕೆ ಚಪ್ಪಟೆ ಕೊಯ್ತ ಬರುವುದು, ಆಗಲೇ ಎರಡು ಕೊಯ್ತಗಳು ಸಂದಿಲ್ಲದೆ ಕೂಡುವುದು. ಸಂದಿ ಉಳಿದರೆ ಕಸಿ ಸತ್ತಿತು ಎಂದೆ. ಉಕ್ಕಿನ ವಿಷಯವನ್ನೂ ಹೇಳಿದೆ. ನಡುವೆ ಒಂದು ಹಾಳೆ ಗಡುಸು ಉಕ್ಕು, ಎರಡು ಪಕ್ಕಕ್ಕೂ ಮೆದು ಕಬ್ಬಿಣ, ಅತ್ತೆ ಮಾವನ ನಡುವೆ ಸಿಕ್ಕಿಕೊಂಡ ಸೊಸೆಯ ಹಾಗೆ. ಆ ಗಡುಸಿನಿಂದ ಹರಿತ ತಿಂಗಳುಗಟ್ಟಲೆ ನಿಲ್ಲುತ್ತದೆ, ಆದರೆ ತಿರುಚಿದರೆ ಚಕ್ಕೆ ಏಳುತ್ತದೆ, ಒರೆಸದೆ ಇಟ್ಟರೆ ಅರ್ಧ ದಿನಕ್ಕೆ ತುಕ್ಕು. "ಇದಕ್ಕೆ ನೀರು ಹಾಕಿ ಕಲ್ಲಿನ ಮೇಲೇ ಉಜ್ಜಬೇಕು, ಸಾಣೆ ಚಕ್ರ ತೋರಿಸಬೇಡ. ಬಿಸಿ ತಗುಲಿದ್ರೆ ಮುಗೀತು" ಎಂದು ನನ್ನ ಕಿವಿ ಹಿಡಿದು ಹೇಳಿದೆ. ಚಾಕುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗದಕೈ ಅತ್ತಿಗೆಗೆ ಕೊಟ್ಟೆ, ಎಣ್ಣೆ ಹಚ್ಚುವ ಕೆಲಸ ನನಗೆ.

ಸೋದರಮಾವನ ಸಾಣೆ ಅಂಗಡಿಯಲ್ಲಿ ನನಗೆ ಆಗ ಚಕ್ರ ಮುಟ್ಟುವ ಅಪ್ಪಣೆ ಹೊಸದಾಗಿ ಸಿಕ್ಕಿತ್ತು. "ಓದು ನಾಲ್ಕನೇ ಕ್ಲಾಸು, ಕೈ ಹತ್ತನೇ ಕ್ಲಾಸು" ಎಂದು ಮಾವ ಗಿರಾಕಿಗಳ ಮುಂದೆ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರೂ ಒಳಗೊಳಗೇ ಹಿಗ್ಗುತ್ತಿದ್ದೆ. ಜನರೊಂದಿಗೆ ಮಾತು ಬಾರದ ನನಗೆ ನಿನ್ನ ಚಾಕುವಿನ ವಿಷಯ ಎತ್ತಿದರೆ ಮಾತ್ರ ಬಾಯಿ ಬರುತ್ತಿತ್ತು. ಎದುರಿನ ಕ್ಷೌರದಂಗಡಿಯವರು ಒಂದು ದಿನ "ಏನಮ್ಮಾ, ಜಪಾನು ಜಪಾನು ಅಂತ ಜಪ ಮಾಡ್ತೀಯಲ್ಲ, ಒಂದಿನ ದರ್ಶನ ಮಾಡಿಸು" ಎಂದರು. ಎಣ್ಣೆ ಹಚ್ಚಬೇಕೆಂದು ಅತ್ತಿಗೆಯಿಂದ ಬೀಗದಕೈ ಇಸಿದುಕೊಂಡು ಮರುದಿನ ಒಯ್ದೆ. ನೀನು ಹೋಗುವ ಮುಂಚೆ ಎರಡು ತಿಂಗಳು ಕಲ್ಲು ಕಾಣದೆ ಕೆಲಸ ಮಾಡಿದ್ದ ಚಾಕು, ಬಾಯಿ ಸ್ವಲ್ಪ ಬಳಲಿತ್ತು. ಅವರು ಮುಂಗೈ ಮೇಲೆ ಎಳೆದು ನೋಡಿ, "ಇದು ಕೂದಲು ತೆಗೆಯಲ್ಲಮ್ಮಾ, ಕಚಗುಳಿ ಇಡುತ್ತೆ" ಎಂದರು. ಅವರ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯೂ ನಕ್ಕ. ನೊರೆಯಿಂದ ಗುಳ್ಳೆ ಹಾರಿತು.

ಮಾವ ಪೇಟೆಗೆ ಹೋಗಿದ್ದರು. ಕಲ್ಲಿನ ಮೇಲೆ ಉಜ್ಜಿದರೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಆ ನೊರೆ ಒಣಗುತ್ತದೆ, ಗಿರಾಕಿ ಎದ್ದು ಹೋಗುತ್ತಾನೆ, ನಗು ಹಾಗೇ ಉಳಿಯುತ್ತದೆ. ಒಂದೇ ಒಂದು ಸಲ ಸವರಿದರೆ ಏನಾದೀತು ಎಂದು ಚಕ್ರಕ್ಕೆ ಹಿಡಿದೆ. ಅಡುಗೆ ಚಾಕುವಿಗೆ ಬರುವ ಕೆಂಪು ಕಿಡಿಯಲ್ಲ ಅಣ್ಣಾ, ಬೆಳ್ಳಗೆ ಹೂವಿನ ಹಾಗೆ ಬಿರಿಯುವ ಕಿಡಿ. ಅದನ್ನು ನೋಡುತ್ತಾ ಮೈಮರೆತೆ. ತೆಳ್ಳನೆಯ ತುದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಪಾರಿವಾಳದ ಕುತ್ತಿಗೆಯ ನೀಲಿಯಾಯಿತು. ಗಾಬರಿಯಲ್ಲಿ ತುದಿಯನ್ನೇ ಕೈಯಿಂದ ಹಿಡಿದೆ, ಎರಡು ಬೆರಳು ಸುಟ್ಟವು. ನೀರಿಗೆ ಅದ್ದಿದೆ, ಚುಸ್ ಎಂದಿತು. ನೀಲಿ ಬಂತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ, ಆಮೇಲೆ ಎಷ್ಟು ಅದ್ದಿದರೂ ಬರುವುದಿಲ್ಲ. ಅದು ಗೊತ್ತಿದ್ದೂ ನಾನು ಮಾಡಿದ್ದೇನು? ನೀಲಿ ಕಾಣದಿದ್ದರೆ ಸಾಕೆಂದು ಮತ್ತೆ ಚಕ್ರಕ್ಕೇ ಹಿಡಿದು ಕೆರೆದೆ. ಬಣ್ಣ ಹೋಯಿತು, ಜೊತೆಗೆ ತುದಿ ದುಂಡಗಾಗಿ ನೇರ ಬಾಯಿಗೆ ಹೊಟ್ಟೆ ಬಂತು. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಪೆಟ್ಟಿಗೆಗೆ ಸೇರಿಸಿ, ಬೀಗದಕೈ ಅತ್ತಿಗೆಯ ಕೈಗೆ ಕೊಟ್ಟೆ. ಅವರು ನನ್ನ ಬೆರಳು ನೋಡಿ ಮುಲಾಮು ಹಚ್ಚಿದರು. ಬಿಸಿ ಪಾತ್ರೆ ಮುಟ್ಟಿದೆ ಎಂದೆ.

ಉಳಿದಿದ್ದು ನಿನಗೇ ಗೊತ್ತು. ರಜಕ್ಕೆ ಬಂದ ಎರಡನೇ ದಿನ ನೀನು ಗುಲಾಬಿಗೆ ಕಸಿ ಕಟ್ಟಲು ಕೂತೆ. ಕಡ್ಡಿ ಕೊಯ್ದು, ಜೋಡಿಸಿ, ಕಿಟಕಿಗೆ ಹಿಡಿದು ನೋಡಿದೆ. ನಡುವೆ ಬೆಳಕು ಹಾದುಬಂತು. "ಇದರಲ್ಲಿ ಮತ್ತೆ ಡಬ್ಬಿ ಮುಚ್ಚಳ ಎಬ್ಬಿಸಿದೀಯ" ಎಂದು ಅತ್ತಿಗೆಯ ಮೇಲೆ ಹಾರಿದೆ. ಮದುವೆಯಾದ ಹೊಸತರಲ್ಲಿ ಅವರು ತಿಳಿಯದೆ ಒಮ್ಮೆ ಹಾಗೆ ಮಾಡಿದ್ದರಲ್ಲ, ಅದನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಿದ್ದೆ. ಅವರು "ನಾನಲ್ಲ" ಎಂದರು. "ಮತ್ಯಾರು, ಬೆಕ್ಕಾ?" ಎಂದೆ. ಆಮೇಲೆ ನನ್ನ ಕಡೆ ನೋಡಿ, "ಸುಮ್ಮಿ ಅಂತೂ ಹಾಗೆ ಮಾಡಿರಲ್ಲ, ಅವಳಿಗೆ ಉಕ್ಕಿನ ಬೆಲೆ ಗೊತ್ತು" ಎಂದೆ. ನೀನು ಬೈದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ, ಹೊಗಳಿಬಿಟ್ಟೆಯಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸುಟ್ಟ ಬೆರಳನ್ನು ಮಡಿಸುತ್ತಿದ್ದ ದಿಂಬಿನ ಬಟ್ಟೆಯೊಳಗೆ ತೂರಿಸಿಕೊಂಡು, ಆ ಒಂದೇ ಬಟ್ಟೆಯನ್ನು ನಾಲ್ಕು ಸಲ ಮಡಿಸಿದೆ. ನೀನು ಅತ್ತಿಗೆಯ ಹತ್ತಿರ ಮಾತಾಡದೆ ಹೊರಟುಹೋದೆ. ಐದು ವಾರವಾಯಿತು, ಅಮ್ಮನ ಫೋನಿಗೆ ಮಾತ್ರ ಮಾಡುತ್ತೀಯ. ಅಮ್ಮ ಮಾತಾಡುವಾಗ ಅತ್ತಿಗೆ ಎದ್ದು ಬಟ್ಟೆ ಒಣಹಾಕಲು ಹೋಗುತ್ತಾರೆ, ಒಣಹಾಕಲು ಬಟ್ಟೆ ಇಲ್ಲದ ದಿನವೂ.

ನೀನು ಹೋದ ಮೂರನೇ ವಾರ ತಡೆಯಲಾರದೆ ಮಾವನಿಗೆ ಹೇಳಿದೆ. ಅವರು ಬೈಯಲಿಲ್ಲ, ಚಕ್ರದ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿ "ಆರು ತಿಂಗಳು" ಎಂದರು. "ಕೆಡಿಸಿದ ಕೈಲೇ ಸರಿ ಮಾಡು" ಎಂದು ನೀರುಕಲ್ಲು ಮುಂದಿಟ್ಟರು. ಹನ್ನೆರಡು ಬೆಳಿಗ್ಗೆ ಉಜ್ಜಿದೆ. ಸುಟ್ಟ ಉಕ್ಕೆಲ್ಲ ಸವೆದು ಹೋಗುವವರೆಗೂ ಉಜ್ಜಬೇಕು, ಅದೂ ಅಲಗನ್ನು ಕಲ್ಲಿಗೆ ಚಪ್ಪಟೆಯಾಗಿ ಒರಗಿಸಿ, ಒಂದು ಕೂದಲಷ್ಟೂ ಎತ್ತದೆ. ಚಾಕು ಈಗ ಒಂದು ಉಗುರಿನಷ್ಟು ಗಿಡ್ಡ, ಆದರೆ ಬಾಯಿ ನೇರವಾಗಿದೆ. ಮೊನ್ನೆ ಗುಲಾಬಿಯ ಒಣಕಡ್ಡಿ ಕೊಯ್ದು ಜೋಡಿಸಿ ನೋಡಿದೆ. ಕೊನೆಯಲ್ಲಿ ಎಳೆಯಷ್ಟು ಬೆಳಕು ಈಗಲೂ ಕಾಣುತ್ತದೆ. ಪೂರ್ತಿ ಸರಿಯಾಯಿತೆಂದು ನಿನಗೆ ಇನ್ನೊಂದು ಸುಳ್ಳು ಹೇಳಲಾರೆ.

ಇಷ್ಟು ದಿನ ತಡೆದವಳು ಇವತ್ತೇ ಯಾಕೆ ಬರೆದೆ ಎಂದು ಕೇಳಬಹುದು. ನಿನ್ನೆ ಅತ್ತಿಗೆ ಅಟ್ಟದಿಂದ ದೊಡ್ಡ ಪೆಟ್ಟಿಗೆ ಇಳಿಸಿದರು. ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಅಮ್ಮನಿಗೆ ಹೇಳಿದ್ದಾರೆ. ನಾಲ್ಕು ದಿನಕ್ಕೆ ಹೋಗುವವರು ಹೊಲಿಗೆ ಯಂತ್ರ ಕಟ್ಟಿಸಿಕೊಳ್ಳುತ್ತಾರೆಯೇ, ಅಣ್ಣಾ?

ಅಮ್ಮ ನಿನ್ನನ್ನು ಹರಸಿದ್ದಾಳೆ, ಹೊಟ್ಟೆ ತುಂಬ ಉಣ್ಣಬೇಕಂತೆ. ಮಾವ ನಿನ್ನ ಯೋಗಕ್ಷೇಮ ಕೇಳಿದರೆಂದು ಬರೆಯಲು ಹೇಳಿದ್ದಾರೆ. ನನ್ನ ನಮಸ್ಕಾರ ನಿನ್ನ ಕಾಲಿಗೆ, ಮುಖ ನೋಡಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನಿನ್ನ ತಂಗಿ,
ಸುಮ್ಮಿ

ಮತ್ತೆ: ಅಂಚೆಯವರು ಬರುವ ಹೊತ್ತು, ಬೇಗ ಬರೆಯುತ್ತೇನೆ. ಲಕೋಟೆಗೆ ಹಾಕುವ ಮುಂಚೆ ಅಡುಗೆಮನೆಗೆ ಹೋಗಿ ಅತ್ತಿಗೆಗೂ ಹೇಳಿಬಿಟ್ಟೆ. ಪಾತ್ರೆ ತೊಳೆಯುತ್ತಿದ್ದವರು ತಿರುಗಿಯೂ ನೋಡದೆ, "ಗೊತ್ತು ಕಣೇ. ಬೆರಳಿಗೆ ಮುಲಾಮು ಹಚ್ಚಿದ್ದು ನಾನೇ ಅಲ್ವಾ" ಎಂದರು. ಹಾಗಾದರೆ ಅಣ್ಣನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಾನಲ್ಲ ಅಂತ ಹೇಳಿದ್ನಲ್ಲ. ನಿಮ್ಮಣ್ಣನಿಗೆ ಅಷ್ಟು ಸಾಕಾಗಬೇಕಿತ್ತು" ಎಂದರು. ಅಣ್ಣಾ, ಚಾಕುವಿನ ತಪ್ಪು ನನ್ನದು. ಅತ್ತಿಗೆ ಹೊರಟಿರುವುದು ಚಾಕುವಿಗಾಗಿ ಅಲ್ಲ. ಈ ಕಾಗದ ಶುಕ್ರವಾರ ನಿನ್ನ ಕೈ ಸೇರುತ್ತದೆ, ಅವರ ಬಸ್ಸು ಭಾನುವಾರ ಬೆಳಿಗ್ಗೆ ಎಂಟಕ್ಕೆ. ನನಗೆ ಬೈಯುವುದಿದ್ದರೆ ಆಮೇಲೆ ಬೈಯಿ. ಅಮ್ಮನ ಫೋನಿಗೆ ಮಾಡಬೇಡ, ಅವರ ಫೋನಿಗೆ ಮಾಡು.