ನೇತಾಡುತ್ತಿದ್ದ ಕೆಂಪು ಪಿನ್ನು

ಗಾಂಧಿನಗರ, ಬಳ್ಳಾರಿ
4 ಆಗಸ್ಟ್ 2025

ಪ್ರೀತಿಯ ತಮ್ಮ ವೀರೇಶನಿಗೆ ದಾಕ್ಷಾಯಣಿ ಅಕ್ಕನ ಆಶೀರ್ವಾದ.

ಸಿರುಗುಪ್ಪದಲ್ಲಿ ಎಲ್ಲರೂ ಕ್ಷೇಮವಷ್ಟೆ? ನಿನ್ನ ಮೊಣಕಾಲು ನೋವು ಹೇಗಿದೆ? ನಾಟಿ ಶುರುವಾಗಿದೆಯಂತೆ, ಗದ್ದೆಯಲ್ಲಿ ಬಹಳ ಹೊತ್ತು ನಿಲ್ಲಬೇಡ. ನಾನು ಚೆನ್ನಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನನಗೆ "ಹೂಂ ಅಕ್ಕಾ, ಹೂಂ" ಅನ್ನುತ್ತಲೇ ಪಕ್ಕದವರ ಜೊತೆ ವ್ಯವಹಾರ ಮುಗಿಸುವವನು. ಕಾಗದದ ಮುಂದೆ ಹಾಗೆ ಮಾಡಲು ಬರುವುದಿಲ್ಲ.

ಜೂನ್ ಇಪ್ಪತ್ತೆರಡರ ಭಾನುವಾರ, ಕುರುಗೋಡಿನಲ್ಲಿ ಅವ್ವನ ಪುಣ್ಯಸ್ಮರಣೆಯ ದಿನ, ಉಂಡು ಕೂತ ಬಂಧುಬಳಗದ ಮುಂದೆ ನೀನು ನನ್ನನ್ನು ಅವ್ವನ ದನಿ ಅಳಿಸಿದವಳು ಅಂದೆ. ನನ್ನ ಮಗಳು ಅಂಜನಾಳ ತೊಟ್ಟಿಲ ಕಾರ್ಯದಲ್ಲಿ ಅವ್ವ ಹಾಡಿದ ಜೋಗುಳ ಆ ಒಂದು ವಿಡಿಯೊ ಕ್ಯಾಸೆಟ್ಟಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇಷ್ಟು ವರ್ಷ ಅದನ್ನು ಕಾಪಾಡಿದವಳು ನಾನು. ಆ ದಿನ ಹಳೆಯ ಪ್ಲೇಯರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳೂ ನಾನೇ. ವೈರು ತರುವ ಹೊಣೆ ಮಾತ್ರ ನಿನ್ನದಾಗಿತ್ತು. ನೀನು ಎಚ್‌ಡಿಎಂಐ ವೈರು ತಂದೆ. ಅದು ಟಿವಿಗೆ ಕೂತಿತು, ಪ್ಲೇಯರಿಗೆ ಕೂರಲು ಅಂಥ ತೂತೇ ಇರಲಿಲ್ಲ. ಆಗ ಕಾರಿನಿಂದ ನಿನ್ನ ಕ್ಯಾಮೆರಾದ ವೈರು ತಂದೆ: ಒಂದು ತುದಿಗೆ ಸಣ್ಣ ಕಡ್ಡಿಯಂಥ ಪಿನ್ನು, ಇನ್ನೊಂದು ತುದಿಗೆ ಹಳದಿ, ಬಿಳಿ, ಕೆಂಪು. ಕಡ್ಡಿ ಟಿವಿಗೆ ಹೋಯಿತು. ಹಳದಿಗೆ ಹಳದಿ, ಬಿಳಿಗೆ ಬಿಳಿ ಹಾಕಿದೆ. ಪ್ಲೇಯರಿನಲ್ಲಿ ಕೆಂಪಿಗೆ ಜಾಗವಿಲ್ಲದ್ದರಿಂದ ಅದು ನೇತಾಡುತ್ತಿತ್ತು.

ಟಿವಿ ನೀಲಿಯಾಗಿ ಗುಂಯ್ ಅಂದಿತು. ಪಕ್ಕದ ಮನೆಯ ಹುಲುಗೇಶ್ ತನ್ನ ಟಿವಿ ಹೊತ್ತುತಂದ. ಅದೂ ನೀಲಿ, ಅದೂ ಗುಂಯ್. "ಅಕ್ಕ ಅಳಿಸಿ ಇಟ್ಟಾಳ ಬಿಡ್ರಿ. ಮ್ಯಾಲೆ ಮತ್ತೇನರ ತುಂಬಾಕ ಹೋಗಿರ್ತಾಳ. ಎರಡೆರಡು ಟಿವಿ ಸುಳ್ಳು ಹೇಳ್ತಾವೇನು?" ಅಂದೆ ನೀನು. ಟಿವಿಯ ಹತ್ತಿರ ಕೂತಿದ್ದ ನನಗೆ ಆ ಸದ್ದಿನ ಒಳಗೆ ಅವ್ವನ ದನಿ ಕೇಳಿತು. ಹಾಗೆಂದು ಹೇಳಿದೆ ಕೂಡ. "ನಿನಗ ಅವ್ವನ ಹಂಬಲ ಅಕ್ಕಾ, ಅದಕ್ಕ ಕಿವಿ ಗುಂಯ್ ಅಂತೈತಿ" ಅಂದು ನೀನು ಟಿವಿ ಆರಿಸಿದೆ. ಮಂದಿ ನಕ್ಕರು. ನಕ್ಕದ್ದನ್ನು ಮರೆಯಬಲ್ಲೆ. ಆದರೆ ಚಿಗವ್ವ ವೀರಭದ್ರಮ್ಮ ನನ್ನ ಬೆನ್ನು ಸವರಿ "ಆಗಿದ್ದಾತು ಬಿಡವ್ವ, ನಿನಗೇನು ಗೊತ್ತಿತ್ತು" ಅಂದಳಲ್ಲ, ಆ ಕ್ಷಮೆಯನ್ನು ಎಲ್ಲಿಡಲಿ? ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಹಿಂದಿರುಗಿಸುವುದು ಬಹಳ ಕಷ್ಟ ತಮ್ಮಾ.

ಬಳ್ಳಾರಿಗೆ ಬಂದು, ನೀನು ಬಿಟ್ಟುಹೋದ ಆ ವೈರಿನಿಂದಲೇ ಬೇರೊಂದು ಕ್ಯಾಸೆಟ್ಟು ಹಾಕಿ ನೋಡಿದೆ. ಅದೂ ನೀಲಿ, ಅದೂ ಗುಂಯ್. ಅದನ್ನೂ ನಾನೇ ಅಳಿಸಿದೆನೇ? ಎರಡು ಟಿವಿ ಬದಲಾದರೂ ನಡುವಿನ ವೈರು ಒಂದೇ ಆಗಿತ್ತು. ಇಬ್ಬರು ಸಾಕ್ಷಿಗಳ ಬಾಯಲ್ಲಿ ಮಾತಾಡಿದವನು ಒಬ್ಬನೇ. ನಾನು ಸದಾ ಪುಸ್ತಕ ಹಿಡಿದಿರುತ್ತೇನೆಂದು ನೀನು ನಗುತ್ತೀ. ಟಿವಿಯ ಜೊತೆ ಬಂದ ಪುಸ್ತಿಕೆಯೂ ಪುಸ್ತಕವೇ. ಆ ಕಡ್ಡಿಯ ಮೇಲೆ ಕಪ್ಪು ಉಂಗುರಗಳಿವೆ, ಅವುಗಳ ನಡುವಿನ ಒಂದೊಂದು ತುಂಡು ಒಂದೊಂದನ್ನು ಒಯ್ಯುತ್ತದೆ. ನೋಡಲು ಒಂದೇ ತರಹ ಇದ್ದರೂ ಕ್ಯಾಮೆರಾದ ವೈರಿನ ಕ್ರಮವೇ ಬೇರೆ, ಟಿವಿಯ ವೈರಿನ ಕ್ರಮವೇ ಬೇರೆ. ಟಿವಿ ಚಿತ್ರಕ್ಕಾಗಿ ಕಾಯುವ ತುಂಡಿಗೆ ನಿನ್ನ ವೈರಿನಲ್ಲಿ ಕೆಂಪು ಪಿನ್ನು ಸೇರಿತ್ತು. ಹಳದಿಯಿಂದ ಹೋದ ಚಿತ್ರ ಸದ್ದಿನ ದಾರಿ ಹಿಡಿದು ಗುಂಯ್ ಅನ್ನುತ್ತಿತ್ತು. ಅವ್ವನ ಕ್ಯಾಸೆಟ್ಟನ್ನೇ ಮತ್ತೆ ಹಾಕಿ, ಹಳದಿ ಕಿತ್ತು ಅದೇ ತೂತಿಗೆ ಕೆಂಪು ಚುಚ್ಚಿದೆ. ಅವ್ವ ಬಂದಳು.

ಮರುದಿನ ಬೆಂಗಳೂರು ರಸ್ತೆಯ ಅಂಗಡಿಗೆ ಹೋಗಿ ನಮ್ಮ ಟಿವಿಯ ಕ್ರಮಕ್ಕೆ ಹೊಂದುವ ವೈರು ಕೇಳಿದೆ. "ಎಲ್ಲಾ ವೈರು ಒಂದ ರೀ ಅಮ್ಮಾರೆ" ಅಂದ ಅಂಗಡಿಯವನು. ನಿನ್ನ ವೈರನ್ನು ಅವನ ಮುಂದಿಟ್ಟು, "ಒಂದೇ ಆಗಿದ್ರ ಇದನ್ನ ಹಚ್ಚಿ ಚಿತ್ರ ತೋರ್ಸಪ್ಪಾ" ಅಂದೆ. ಅವನು ಮೂರು ಸಲ ಹಚ್ಚಿ, ಆಮೇಲೆ ಒಳಗಿನಿಂದ ಬೇರೆ ವೈರು ತಂದುಕೊಟ್ಟ. ನಿನಗಿಂತ ಬೇಗ ಒಪ್ಪಿದ. ಚಿಕ್ಕಂದಿನಲ್ಲಿ ಅಪ್ಪನ ರೇಡಿಯೊಗೆ ಸೆಲ್ಲು ತಿರುವುಮುರುವು ಹಾಕಿ, "ಸ್ಟೇಷನ್ನ ಬಂದ್ ಮಾಡ್ಯಾರ" ಎಂದು ಓಣಿಗೆಲ್ಲ ಸಾರಿದವನು ನೀನು. ಇಂದಿಗೂ ಆ ಸುದ್ದಿಗೆ ತಿದ್ದುಪಡಿ ಬಂದಿಲ್ಲ.

ನಿನ್ನ ಹೆಂಡತಿ ಸೌಂದರ್ಯಳಿಗೆ ನಾನು ಕೇಳಿದೆನೆಂದು ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ದಾಕ್ಷಾಯಣಿ

ಮರೆತಿದ್ದೆ: ಜೋಗುಳದ ನಡುವೆ ಅವ್ವ ಹಾಡು ನಿಲ್ಲಿಸಿ ಬಾಗಿಲ ಕಡೆ ನೋಡಿ, "ನಮ್ಮ ವೀರೇಶ ಉಂಡ್ನೇನಬೇ? ಕೆಲಸ ಅಂತ ಉಪವಾಸ ನಿಂತಿರ್ತಾನ ನೋಡ್ರಿ" ಅನ್ನುತ್ತಾಳೆ. ಆ ದಿನ ನೀನು ಆರಿಸಿದ್ದು ಇದನ್ನು. ಶ್ರಾವಣದ ಕೊನೆಯ ಸೋಮವಾರ ಎಲ್ಲರೂ ಕುರುಗೋಡಿನಲ್ಲಿ ಸೇರುತ್ತೇವೆ. ಸರಿಯಾದ ವೈರು ನಾನು ತರುತ್ತೇನೆ, ಅವ್ವನಿಗೆ ಉತ್ತರವನ್ನು ಆಮೇಲೆ ನೀನೇ ಕೊಡು. ಟಿವಿ ಹಚ್ಚುವ ಮೊದಲು ನನ್ನದೊಂದು ಪ್ರಶ್ನೆಯಿದೆ. ವಾಟ್ಸಾಪಿನಲ್ಲಿ ಕೈಮುಗಿಯುವ ಚಿತ್ರ ಕಳಿಸಿದರೆ ನಡೆಯದು. ಚಿಗವ್ವನ ಬಳಿ ಫೋನಿಲ್ಲ. ಅಂದು ನಕ್ಕವರೆಲ್ಲ ಕೂತಿರುವಾಗ ಎದ್ದು ನಿಂತು ಹೇಳು: ಅಕ್ಕ ಅಳಿಸಿದಳೆಂದು ನೀನು ಏನು ನೋಡಿ ಹೇಳಿದೆ?