ಸಂಜೀವ ಮಾವನ ಪಾಳಿ ಮತ್ತು ನನ್ನ ಕರೆಂಟ್ ಕಾರು

ಪ್ರೀತಿಯ ಸಂಜೀವ ಮಾವನಿಗೆ,

ಕಾಪು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿದ್ದ ನಿಮ್ಮ ಪಾಳಿಯನ್ನು ನನಗೆ ಕೊಡಲಿಲ್ಲ. ಇದು ಅನ್ಯಾಯ. ಮಾಡಿದವರು ಬೇರೆ ಯಾರೂ ಅಲ್ಲ, ನಿಮ್ಮ ಗೆಳೆಯ, ಈಗ ಸ್ಟ್ಯಾಂಡಿನ ಹಿರಿಯ, ಸದಾನಂದಣ್ಣ. ಟ್ಯಾಕ್ಸಿಯವನು ತೀರಿಕೊಂಡರೆ ಅವನ ಜಾಗ ಮನೆಯವರಿಗೆ ಎನ್ನುವುದು ಸ್ಟ್ಯಾಂಡಿನ ರೂಢಿ. ಮಾವನದ್ದು ತಂಗಿಯ ಮಕ್ಕಳಿಗೆ ಬರುವುದು ನಮ್ಮಲ್ಲಿ ಹೊಸದೂ ಅಲ್ಲ. ಹುಡುಗಿ ಎಂದು ಬೇಡವೆಂದರೆ ಜಗಳವಾದರೂ ಮಾಡಬಹುದಿತ್ತು. ಅವರು ಹೇಳಿದ್ದೇ ಬೇರೆ: "ನೀನು ಬಾ, ಆ ಕರೆಂಟ್ ಕಾರು ಬೇಡ. ಪೇಷಂಟನ್ನು ಕೂರಿಸಿಕೊಂಡು ಅದು ದಾರಿಯಲ್ಲಿ ನಿಂತರೆ ಹೋಗುವುದು ನಿನ್ನ ಮರ್ಯಾದೆ ಅಲ್ಲ ಮಾರಾಯ್ತಿ, ಸ್ಟ್ಯಾಂಡಿನದ್ದು."

ನಾನು ಮೊದಲ ಸಲ ಕರೆಂಟ್ ಕಾರಿನ ಪ್ರಚಾರದ ಕರಪತ್ರಗಳನ್ನು ತಂದುಕೊಟ್ಟ ದಿನ ನೆನಪುಂಟಾ? ಡೀಸೆಲ್ ಹೊಗೆ ಎದೆಗೆ ಏನು ಮಾಡುತ್ತದೆ ಎಂದು ನಾನು ಗಟ್ಟಿಯಾಗಿ ಓದುತ್ತಿದ್ದೆ, ನೀವು ಅದರಲ್ಲೇ ಒಂದು ಹಾಳೆ ಎತ್ತಿಕೊಂಡು ಕಾರಿನ ಗಾಜು ಒರೆಸಿದಿರಿ. "ಒಳ್ಳೆಯ ಕಾಗದ, ಗೆರೆಯೇ ಬೀಳುವುದಿಲ್ಲ." ಆಮೇಲೆ ಕೆಮ್ಮಿದಿರಿ. ಕೆಮ್ಮು ನಿಂತ ಮೇಲೆ ಕೇಳಿದಿರಿ, "ನಿನ್ನ ಕರೆಂಟು ಎಂತ ಆಕಾಶದಿಂದ ಬರ್ತದಾ? ಅಲ್ಲಿ ಕಲ್ಲಿದ್ದಲು ಸುಡುವುದಿಲ್ವಾ?" ನನ್ನ ಬಳಿ ಉತ್ತರವಿತ್ತು. ಕರೆಂಟು ಮಾಡುವಲ್ಲಿನ ಒಂದು ಹೊಗೆಗೂಡನ್ನು ಬದಲಿಸುವುದು ಒಂದು ಕೆಲಸ, ಸಾವಿರಾರು ಕಾರುಗಳ ಹೊಗೆಯನ್ನು ಒಂದೊಂದಾಗಿ ಹಿಡಿಯುವುದು ಸಾವಿರಾರು ಕೆಲಸ ಎಂದೆ. ನೀವು ನಕ್ಕಿರಿ. ನಿಮಗೆ ಒಪ್ಪಿಗೆಯಾಗಿತ್ತಾ, ಅಥವಾ ನಾನು ಸುಮ್ಮನಾಗಲಿ ಎಂದು...

ನೀವು ಹೋದ ಮೇಲೆ ನಿಮ್ಮ ಕಾರನ್ನು ಕೊಟ್ಟು ಇದನ್ನು ತಂದಾಗ ಅಮ್ಮ ಅಂಗಳಕ್ಕೆ ಬಂದು ನೋಡಿದಳು. ಶಬ್ದ ಇಲ್ಲದ್ದಕ್ಕೆ ಕಾರು ಹಾಳಾಗಿದೆ ಎಂದುಕೊಂಡಳು. ಈಗಲೂ ನಾನು ಹೊರಟರೆ ಅವಳಿಗೆ ಗೊತ್ತಾಗುವುದಿಲ್ಲ. ಪಾಳಿ ಇಲ್ಲದವಳಿಗೆ ಬಾಡಿಗೆ ಎಲ್ಲಿಂದ? ನಿಮ್ಮ ಹಳೆಯ ಗಿರಾಕಿಗಳಲ್ಲಿ ಉಳಿದದ್ದು ಇನ್ನಂಜೆಯ ಸೆಲಿನ್ ಬಾಯಮ್ಮ ಒಬ್ಬರೇ. ಮಣಿಪಾಲದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುವವರು. ಮಗ ದುಬೈಯಲ್ಲಿ. "ಸಂಜೀವಣ್ಣನ ಸೊಸೆ ಓಡಿಸುವುದಾದರೆ ಎತ್ತಿನಗಾಡಿಯಾದರೂ ಅಡ್ಡಿಲ್ಲ" ಎಂದಿದ್ದರು. ಆ ಮಾತಿನಿಂದಲೇ ನನ್ನ ಹೆದರಿಕೆ ಸುರುವಾದದ್ದು ಮಾವ. ಕರಪತ್ರದಲ್ಲಿ ಮನುಷ್ಯರೆಲ್ಲ ಒಟ್ಟಾಗಿ 'ಜನತೆ' ಆಗಿರುತ್ತಾರೆ. ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತಿರುತ್ತಾರೆ.

ಆಯುಧಪೂಜೆಯ ದಿನ ಸ್ಟ್ಯಾಂಡಿನ ಸಾಲಿನ ತುದಿಯಲ್ಲಿ ನನ್ನದನ್ನೂ ನಿಲ್ಲಿಸಿದೆ. ಪೂಜೆಗೆ ಯಾರನ್ನೂ ಬೇಡ ಎನ್ನುವ ಹಾಗಿಲ್ಲವಲ್ಲ. ಸದಾನಂದಣ್ಣ ಗಂಧದ ಬಟ್ಟಲು ಹಿಡಿದು ಒಂದೊಂದೇ ಕಾರಿನ ಇಂಜಿನ್ನಿಗೆ ಹಚ್ಚುತ್ತಾ ಬಂದರು. ನನ್ನ ಬಾನೆಟ್ ಎತ್ತಿ ನಿಂತೇ ಬಿಟ್ಟರು.

"ಇಂಜಿನ್ ಎಲ್ಲಿ ಮಾರಾಯ್ತಿ? ಗಂಧ ಎಲ್ಲಿಗೆ ಹಚ್ಚುವುದು?"

"ಮಿಕ್ಸಿಗೆ ಹಚ್ಚಿದ ಹಾಗೆ ಹಚ್ಚಿ ಬಿಡಿ ಅಣ್ಣ!" ಯಾರೋ ಕೂಗಿದರು. ಎಲ್ಲರೂ ನಕ್ಕರು. ಸದಾನಂದಣ್ಣ ಮಾತ್ರ ನಗಲಿಲ್ಲ. "ಇದು ಊಟ ಮಾಡುವುದು ಎಲ್ಲಿಂದ?" ಎಂದು ಕೇಳಿದರು. ನಾನು ಚಾರ್ಜಿಂಗ್ ಮುಚ್ಚಳ ತೆರೆದು ತೋರಿಸಿದೆ. ಅಲ್ಲಿನ ತೂತುಗಳ ಮೇಲೆ ಹೆಬ್ಬೆರಳು ತುಂಬ ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಒತ್ತಿ, ಕೈ ಮುಗಿದರು. ನನ್ನ ಕಾರಿಗೆ ಕೈ ಮುಗಿದರು ಮಾವ! ಸಂಜೆ ಪ್ಲಗ್ ಸಿಕ್ಕಿಸುವಾಗ ಅದನ್ನು ಒರೆಸಲು ಮನಸ್ಸಾಗಲಿಲ್ಲ. ಅಂಚನ್ನಷ್ಟೇ ತಟ್ಟಿ ಸಿಕ್ಕಿಸಿದೆ.

ಬೆಳಿಗ್ಗೆ ನೋಡಿದರೆ ಕೆಂಪು ದೀಪ. ಹಸಿ ಗಂಧ ತೂತುಗಳೊಳಗೆ ಇಳಿದು ಗಟ್ಟಿಯಾಗಿತ್ತು. ಚಾರ್ಜ್ ಏರಿರಲಿಲ್ಲ. ಇದ್ದದ್ದು ನೂರಕ್ಕೆ ಹದಿನಾರು. ಅಂದೇ ಬಾಯಮ್ಮನನ್ನು ಮಣಿಪಾಲಕ್ಕೆ ಬಿಡಬೇಕಿತ್ತು. ಫೋನಿನಲ್ಲಿ ಸದಾನಂದಣ್ಣನ ಹೆಸರು ತೆಗೆದು ಹಿಡಿದುಕೊಂಡೆ. ಒಂದು ಕಾರು ಕಳಿಸಿ ಎಂದರೆ ಕಳಿಸುತ್ತಿದ್ದರು. ಆಮೇಲೆ ಕಾಪುವಿನಿಂದ ಕಾರ್ಕಳದವರೆಗೆ ಒಬ್ಬರಾದರೂ ಕರೆಂಟ್ ಕಾರು ಹತ್ತುತ್ತಿದ್ದರಾ? ಲೆಕ್ಕ ಹಾಕಿದೆ, ಮುಟ್ಟುತ್ತದೆ ಎಂದು ಬಂತು. ನನ್ನ ಲೆಕ್ಕವನ್ನು ನಾನೇ ನಂಬಲಿಲ್ಲ. ಆದರೂ ಹೊರಟೆ.

ಕಟಪಾಡಿ ದಾಟಿ ಹೆದ್ದಾರಿಗೆ ಬಂದಾಗ ಬಾಯಮ್ಮ ಕೇಳಿದರು, "ಏಸಿ ಹಾಕು ಬಾಯೆ."

"ಹೊರಗಿನ ಗಾಳಿ ಒಳ್ಳೆಯದು ಬಾಯಮ್ಮ."

"ನಿನ್ನ ಮಾವನೂ ಹೀಗೇ, ಡೀಸೆಲ್ ಉಳಿಸುವಾಗ ಗಾಳಿಯನ್ನು ಹೊಗಳುತ್ತಿದ್ದ." ಸ್ಟಿಯರಿಂಗ್ ಹಿಂದಿನ ಪರದೆಯತ್ತ ಬೆರಳು ತೋರಿಸಿದರು. "ಅಲ್ಲಿ ಒಂದು ನಂಬರ್ ಇಳಿಯುತ್ತಾ ಉಂಟಲ್ಲ, ಎಂತದು ಅದು?"

ಹೇಳಿದೆ. ಎಲ್ಲವನ್ನೂ ಹೇಳಿದೆ, ಗಂಧದ ಕಥೆಯನ್ನೂ. ಬೈಯುತ್ತಾರೆ ಎಂದುಕೊಂಡೆ. ಅವರು ಚೀಲದಿಂದ ಜಪಮಾಲೆ ತೆಗೆದು ಮುಂದಕ್ಕೆ ಬಾಗಿದರು. "ನೀನು ರಸ್ತೆ ನೋಡು. ನಂಬರ್ ನಾನು ನೋಡ್ತೇನೆ."

ಇಂದ್ರಾಳಿ ದಾಟಿದ ಮೇಲಿನ ಏರು ನಿಮಗೆ ಗೊತ್ತಲ್ಲ? ಕಾಲಿನಡಿ ಇಂಜಿನ್ ಮುಲುಗಿದರೂ ಒಂದು ಧೈರ್ಯ ಇರುತ್ತದೆ, ಎಲ್ಲಿ ಕಷ್ಟವಾಗುತ್ತಿದೆ ಎಂದು ತಿಳಿಯುತ್ತದೆ. ಇದು ಏನೂ ಹೇಳುವುದಿಲ್ಲ. ಹಿಂದಿನಿಂದ ಬಸ್ಸಿನ ಹಾರ್ನ್, ಒಳಗೆ ಬಾಯಮ್ಮನ ಪಿಸುಮಾತಿನ ಪ್ರಾರ್ಥನೆ, ನಡುನಡುವೆ "ಆರು... ಐದು..." ಒಂದು ವಿಚಾರಕ್ಕಾಗಿ ಒಬ್ಬರ ಜೀವವನ್ನು ಹೀಗೆ ಏರಿನ ಮೇಲೆ ತರುವ ಹಕ್ಕು ನನಗೆ ಎಲ್ಲಿಂದ ಬಂತು? ಯಾವ ಕರಪತ್ರ ಕೊಟ್ಟಿತು?

ಆಸ್ಪತ್ರೆಯ ಬಾಗಿಲಿಗೆ ಮುಟ್ಟಿದಾಗ ಮೂರು ಉಳಿದಿತ್ತು. ಬಾಯಮ್ಮ ಇಳಿದು, ಬಾನೆಟ್ಟನ್ನು ಕರುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ ಒಳಗೆ ಹೋದರು.

ರಿಪೇರಿಯವರು ಇರುವುದು ಕೆಳಗೆ ಉಡುಪಿಯಲ್ಲಿ. ಇಳಿಜಾರು ಬಂದದ್ದೇ ನನ್ನ ಕೈ ತಾನಾಗಿ ನ್ಯೂಟ್ರಲ್‌ಗೆ ಹೋಯಿತು, ಡೀಸೆಲ್ ಉಳಿಸಲು ನೀವು ಯಾವಾಗಲೂ ಮಾಡುತ್ತಿದ್ದ ಹಾಗೆ. ಓದಿದ್ದು ನೆನಪಾಗಿ ಕೈ ಹಿಂದೆ ತೆಗೆದೆ. ನಿಮಗೆ ಹೇಳಬೇಕೆಂದಿದ್ದ ಸುದ್ದಿ ಇದೇ ಮಾವ: ಇಳಿಯುವಾಗ ಚಕ್ರ ತಿರುಗಿಯೇ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸು ಬರುತ್ತದೆ. ಮೂರು ಇದ್ದದ್ದು ನಾಲ್ಕಾಯಿತು. ರಸ್ತೆಯ ಬದಿಗೆ ನಿಲ್ಲಿಸಿ ಅತ್ತುಬಿಟ್ಟೆ. ರಿಪೇರಿಯವರು ಒಣ ಬ್ರಶ್ಶಿನಿಂದ ಗಂಧ ಕೆದಕಿ ತೆಗೆದರು. ಚಾರ್ಜ್ ಏರಿತು. ಬಾಯಮ್ಮ ಏಸಿ ಹಾಕಿಸಿಕೊಂಡೇ ವಾಪಸು ಬಂದರು.

ನಿನ್ನೆ ಸದಾನಂದಣ್ಣ ಮನೆಗೆ ಬಂದರು. ಬಾಯಮ್ಮ ಊರಿಗೆಲ್ಲ ಹೇಳಿಯಾಗಿತ್ತು. "ಗಂಧ ಹಚ್ಚಿದ್ದು ನಾನು ಸರಿ. ಒರೆಸಲಿಕ್ಕೆ ನಿನಗೆ ಬುದ್ಧಿ ಇರಲಿಲ್ವಾ?" ಅಮ್ಮ ಕೊಟ್ಟ ಚಹಾ ಮುಗಿಸಿ ಷರತ್ತು ಹೇಳಿದರು: ಕಾಪುವಿನಿಂದ ಕಾರ್ಕಳ, ಕಾರ್ಕಳದಿಂದ ಮಣಿಪಾಲ, ವಾಪಸು ಸ್ಟ್ಯಾಂಡು. ಏಸಿ ಹಾಕಿರಬೇಕು, ನಡುವೆ ಎಲ್ಲಿಯೂ ಚಾರ್ಜ್ ಮಾಡಬಾರದು. ಅವರು ಮುಂದಿನ ಸೀಟಿನಲ್ಲಿ ಕೂರುತ್ತಾರೆ. "ಮುಟ್ಟಿದರೆ ಸಂಜೀವನ ಪಾಳಿ ನಿನ್ನದು. ನಿಂತರೆ ಹಗ್ಗ ಕಟ್ಟಿ ಎಳೆದು ತರುವವನೂ ನಾನೇ. ಮತ್ತೆ ಆ ಮಾತು ಎತ್ತಬಾರದು." ಮೆಟ್ಟಿಲಿಳಿದವರು ತಿರುಗಿ ನಿಂತರು. "ಅವನಿದ್ದಿದ್ದರೆ ಎಂತ ಹೇಳ್ತಿದ್ದ?"

ನೀವೇ ಹೇಳಿ ಮಾವ. ಪೂರ್ತಿ ಚಾರ್ಜ್ ಇದ್ದರೆ ಆ ದಾರಿ ಏನೂ ಅಲ್ಲ ಎಂದು ಓದಿದ್ದೇನೆ, ಲೆಕ್ಕವನ್ನೂ ಹಾಕಿದ್ದೇನೆ. ಆದರೂ ಹಿಂದಿನ ರಾತ್ರಿ ಕರೆಂಟ್ ಹೋದರೆ? ಗುಡುಗು ಬಂದರೆ? ಹಿಂದಿನ ಸೀಟನ್ನು ಖಾಲಿ ಇಡುತ್ತೇನೆ. ನೀವು ಹಿಂದೆ ಕೂತು ಅಭ್ಯಾಸವಿಲ್ಲದವರು, ಒಂದು ದಿನಕ್ಕೆ ಸುಧಾರಿಸಿಕೊಳ್ಳಿ.

ಗುರುವಾರ, ಬೆಳಿಗ್ಗೆ ಆರೂವರೆಗೆ, ಸ್ಟ್ಯಾಂಡಿನಲ್ಲಿ. ಈ ಕಾರು ಬಂದದ್ದು ಕೇಳಿಸುವುದಿಲ್ಲ ಮಾವ, ರಸ್ತೆಯ ಕಡೆ ನೋಡುತ್ತಿರಿ.

ನಿಮ್ಮ,
ವಿನುತಾ