ತೊಟ್ಟಿಲಹಡ್ಲಿನಲ್ಲಿ ಏನಿದೆ?

ತೊಟ್ಟಿಲಹಡ್ಲು,
ಫೆಬ್ರವರಿ ೩೦, ೨೨೧೭.

ಕೇತಜ್ಜಿಗೆ,

ಮೇಲಿನ ತಾರೀಖು ನೋಡಿ ನೀವು ನಕ್ಕಿರಬಹುದು. ನಿಮ್ಮ ಕಾಲದ ಫೆಬ್ರವರಿಯಲ್ಲಿ ಮೂವತ್ತನೆಯ ದಿನ ಇರಲಿಲ್ಲವೆಂದು ಓದಿದ್ದೇನೆ. ನಮ್ಮಲ್ಲಿದೆ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದಾರು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬರುತ್ತವೆ, ಅವನ್ನು ಬಿಡುದಿನ ಎನ್ನುತ್ತೇವೆ. ಪಂಚಾಂಗದಲ್ಲಿ ಬರೆದಿಲ್ಲ ಎಂದ ಮಾತ್ರಕ್ಕೆ ಒಂದು ದಿನ ಇಲ್ಲವಾಗಿಬಿಡುವುದಿಲ್ಲ. ಈ ಕಾಗದದಲ್ಲಿ ನಾನು ಹೇಳಬೇಕಾಗಿರುವುದೂ ಹೆಚ್ಚುಕಡಿಮೆ ಇದನ್ನೇ.

ನನ್ನ ಭಾಷೆ ನಿಮ್ಮ ಕಿವಿಗೆ ಒರಟಾಗಿಯೋ ಪುಸ್ತಕದ ಮಾತಿನಂತೆಯೋ ಕೇಳಿಸಿದರೆ ಮನ್ನಿಸಿ. ನಾನು ಸಾಹಿತ್ಯ ಓದಿದವಳು. ನಿಮ್ಮ ಕಾಲದ ಕನ್ನಡವನ್ನು ಕಲಿತದ್ದು ಹಳೆಯ ಪುಸ್ತಕಗಳಿಂದ, ಹಳೆಯ ಅರ್ಜಿಗಳಿಂದ. ನಿಮ್ಮನ್ನು ಅಜ್ಜಿ ಎಂದು ಕರೆಯುವುದಕ್ಕೂ ಸಂಕೋಚವಾಗುತ್ತಿದೆ. ನಮ್ಮ ನಡುವೆ ಏಳು ತಲೆಮಾರು ಇವೆ, ನಿಜ. ಆದರೆ ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಿಮಗೆ ಇಪ್ಪತ್ತೆರಡು ವರ್ಷ. ನನಗೆ ಇಪ್ಪತ್ನಾಲ್ಕು. ನನ್ನ ಹೆಸರು ಮುದ್ದವ್ವ.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಳಿಸುವ ಟಪಾಲು. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ ಕಳಿಸಲು ಅವಕಾಶ. ಹೆಚ್ಚಿನವರು ತೀರಿಕೊಂಡ ತಾಯಿಗೋ ಮಗುವಿಗೋ ಬರೆಯುತ್ತಾರೆ. ಕಾಗದ ತಲುಪುತ್ತದೆಯೋ ಇಲ್ಲವೋ ಅಂಚೆಯವರಿಗೂ ಗೊತ್ತಿಲ್ಲ. ತಲುಪಿದರೆ ಅದಕ್ಕೆ ಜವಾಬು ಹೊಸ ಕಾಗದವಾಗಿ ಬರುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿರುವ ಯಾವುದಾದರೊಂದು ಹಳೆಯ ಕಾಗದ ಬದಲಾಗಿರುತ್ತದೆ. ಹಾಗೆ ಬದಲಾಗಬೇಕಾದ ಒಂದು ಹಳೆಯ ಕಾಗದ ಈಗ ನನ್ನ ಮುಂದಿದೆ. ಅದರಲ್ಲಿ ನಿಮ್ಮ ಹೆಸರಿದೆ.

ಮೊದಲು ಇಲ್ಲಿನ ಸಮಾಚಾರ ಹೇಳುತ್ತೇನೆ. ನೀವು ಹಡ್ಲು ಎಂದು ಕರೆಯುವ, ಎರಡು ಬೋಳುಗುಡ್ಡಗಳ ನಡುವಿನ ಈ ಜೌಗು ಹುಲ್ಲುಗಾವಲನ್ನು ನಾವೂ ಹಡ್ಲು ಎಂದೇ ಕರೆಯುತ್ತೇವೆ. ಗುಡ್ಡದ ಮೇಲೆ ಕರಡದ ಹುಲ್ಲು ಇದೆ. ಇಳಿಜಾರಿನಲ್ಲಿ ಗಂಜಣಿ, ನಡೆದರೆ ಸೀರೆಯ ಅಂಚೆಲ್ಲ ಅದರ ಪರಿಮಳ. ಕೆಳಗೆ ನೀರಿನ ಅಂಚಿಗೆ ಲಾವಂಚ, ನೀರಿನೊಳಗೆ ಜೇಕು, ಆಪು ಎಂಬ ಜೌಗು ಹುಲ್ಲುಗಳು. ನಾವು ನಲವತ್ತೊಂದು ಮನೆಯವರು ಹಡ್ಲಿನ ಸುತ್ತ ಇದ್ದೇವೆ. ಮನೆಗಳ ಮಾಡಿಗೆ ಈಗಲೂ ಕರಡವೇ, ಏಕೆಂದರೆ ಈಗಿನ ಬಿಸಿಲಿಗೆ ಬೇರೆ ಯಾವ ಮಾಡಿನ ಕೆಳಗೂ ಮನುಷ್ಯರು ಮಧ್ಯಾಹ್ನ ಕೂರಲಾಗುವುದಿಲ್ಲ. ಜೌಗಿನ ಮೇಲೆ ಓಡಾಡಲು ಲಾವಂಚದ ಬೇರನ್ನು ಹೆಣೆದ ಉದ್ದನೆಯ ಚಾಪೆಗಳನ್ನು ಹಾಸಿದ್ದೇವೆ. ಮಳೆಗಾಲದಲ್ಲಿ ಅವು ಕಾಲಿನ ಕೆಳಗೆ ಮೆಲ್ಲಗೆ ಉಸಿರಾಡುತ್ತವೆ.

ಪ್ರತಿ ಮನೆಗೂ ಒಂದು ಬೇರುಗಿಂಡಿ ಇದೆ. ಆಳುದ್ದದ ಗಾಜಿನ ಕೊಳವೆ ಅದು, ಹುಲ್ಲಿನ ಬುಡದಲ್ಲಿ ಹೂತಿರುತ್ತೇವೆ. ಬೇರುಗಳು ಹಿಡಿದಿಟ್ಟ ನೀರು ಅದರೊಳಗೆ ಎಷ್ಟು ಎತ್ತರಕ್ಕೆ ನಿಂತಿದೆಯೆಂದು ನೋಡುವುದು ಬೆಳಗಿನ ಮೊದಲ ಕೆಲಸ. ಮಗು ಮಾತು ಕಲಿಯುವ ಮೊದಲೇ ಗಿಂಡಿಯೊಳಕ್ಕೆ ಬಗ್ಗಿ ನೋಡುವುದನ್ನು ಕಲಿಯುತ್ತದೆ. ಬೇಸಿಗೆಯಲ್ಲಿ ಕೆಳಗಿನ ಮೂರು ಊರುಗಳಿಗೆ ಕುಡಿಯಲು ಹೋಗುವುದು ಇದೇ ನೀರು. ವರ್ಷಕ್ಕೊಮ್ಮೆ ಕರಡ ಕೊಯ್ಯುತ್ತೇವೆ, ಬುಡ ಬಿಡುತ್ತೇವೆ. ಬುಡ ಮತ್ತೆ ಚಿಗುರುತ್ತದೆ. ನಾನು ಈ ವರ್ಷ ಕೊಯ್ದ ಹುಲ್ಲು ನೀವು ಕೊಯ್ದ ಬುಡಗಳಿಂದಲೇ ಬಂದದ್ದೆಂದು ನನ್ನ ನಂಬಿಕೆ. ನಮ್ಮಲ್ಲಿ ಏಳು ತಲೆ ಕಳೆದಿರಬಹುದು, ಹುಲ್ಲಿನಲ್ಲಿ ಒಂದೂ ಕಳೆದಿಲ್ಲ.

ಈಗ ಆ ಕಾಗದದ ವಿಷಯ.

ನಿಮ್ಮ ೨೦೨೯ನೆಯ ಇಸವಿ ಫೆಬ್ರವರಿ ೨೮ರಂದು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಜಮೀನಿನ ಸರ್ವೆಯವರೊಬ್ಬರು ಪುಸ್ತಕ ಹಿಡಿದುಕೊಂಡು ಹಡ್ಲಿಗೆ ಬರುತ್ತಾರೆ. ನೀವು ಹುಲ್ಲಿನ ಹೊರೆ ಇಳಿಸಿ ನಿಂತಿರುತ್ತೀರಿ. ಅವರು ಗುಡ್ಡದ ಕಡೆ ಕೈ ತೋರಿಸಿ, "ಏನಮ್ಮ ಇದೆ ಇಲ್ಲಿ?" ಎಂದು ಕೇಳುತ್ತಾರೆ. ನೀವು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳುತ್ತೀರಿ: "ಏನಿಲ್ಲ ಬುದ್ಧಿ, ಇದೇ ಕರಡ, ಗಂಜಣಿ, ಲಾವಂಚ, ಹಡ್ಲು ತುಂಬ ನೀರು, ನಮ್ಮ ಎಮ್ಮೆಗೋಳು, ಅಷ್ಟೇಯ." ಈ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನನ್ನ ಸೋದರತ್ತೆ ದೇವೀರಮ್ಮ ಅದನ್ನು ನಿಮ್ಮ ಧಾಟಿಯಲ್ಲೇ, ಮುಖ ಒರೆಸಿಕೊಳ್ಳುವುದನ್ನೂ ಸೇರಿಸಿ, ಹೇಳಿ ತೋರಿಸುತ್ತಾಳೆ.

ಆದರೆ ಬಂದವರಿಗೆ ಅವಸರವಿತ್ತು. ಪುಸ್ತಕದ ಅಂಕಣ ಬೆರಳಗಲವಿತ್ತು. ‘ಸ್ಥಳದಲ್ಲಿ ಇರುವುದು’ ಎಂಬುದರ ಎದುರಿಗೆ ಅವರು ನಿಮ್ಮ ಮೊದಲ ಪದವನ್ನಷ್ಟೇ ಬರೆದುಕೊಂಡರು: ‘ಏನಿಲ್ಲ. ಹೇಳಿಕೆ: ಕೇತಮ್ಮ.’ ಆ ಹಾಳೆ ನನ್ನ ಮುಂದಿದೆ. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಮಾತ್ರ ಬಹಳ ದುಂಡಗಿದೆ.

ನೂರೆಂಬತ್ತು ವರ್ಷ ಆ ಹಾಳೆಯಿಂದ ಯಾರಿಗೂ ತೊಂದರೆಯಾಗಲಿಲ್ಲ. ಈಗ ನೆರಳು ಮಂಡಳಿ ಬಂದಿದೆ. ನಿಮ್ಮ ಮೊಮ್ಮಕ್ಕಳ ಕಾಲದಿಂದ ಬಿಸಿಲು ಏರುತ್ತಲೇ ಹೋದದ್ದರಿಂದ, ನಾಡಿಗೆಲ್ಲ ನೆರಳು ಒದಗಿಸಲೆಂದು ಕಟ್ಟಿದ ಮಂಡಳಿ ಇದು. ಕೆಟ್ಟವರಲ್ಲ. ಆದರೆ ಅವರಿಗೆ ನೆರಳೆಂದರೆ ಮರ, ಮರವೆಂದರೆ ಓಟಮರ. ಮೂರು ವರ್ಷಕ್ಕೆ ಮೂರಾಳೆತ್ತರ ಓಡುವ, ಅಷ್ಟೇ ವೇಗದಲ್ಲಿ ನೆಲದ ನೀರು ಕುಡಿಯುವ ಮರ. ಹಳೆಯ ದಾಖಲೆಯಲ್ಲಿ ಏನೂ ಇಲ್ಲವೆಂದಿರುವ ಜಾಗದಲ್ಲೆಲ್ಲ ಅದನ್ನು ನೆಡಬೇಕೆಂದು ಆಜ್ಞೆ. ಪಕ್ಕದ ಮೂಡಲಹಡ್ಲಿನಲ್ಲಿ ನೆಟ್ಟರು. ನಾಲ್ಕನೆಯ ಬೇಸಿಗೆಗೆ ಅಲ್ಲಿನ ಗಿಂಡಿಗಳಲ್ಲಿ ಒಣಗಿದ ಜೇಡಗಳಿದ್ದವು. ಮೂವತ್ತೆರಡು ಮನೆಯವರು ಚಾಪೆ ಸುತ್ತಿಕೊಂಡು ಕೆಳಗಿಳಿದರು. ಈಗ ನಮ್ಮ ಸರದಿ. ಓಟಮರದ ಸಸಿಗಳು ಗುಡ್ಡದ ಬುಡದಲ್ಲಿ ಬಂದು ನಿಂತಿವೆ.

ಹೋದ ತಿಂಗಳು ಹಡ್ಲಿನ ದಂಡೆಯಲ್ಲೇ ವಿಚಾರಣೆ ನಡೆಯಿತು. ಅಧಿಕಾರಿಯ ಹೆಸರು ವರದಪ್ಪ. ದಪ್ಪ ಕನ್ನಡಕದ, ಸುಸ್ತಾದ ಮುಖದ ಹಿರಿಯರು. ಊರಿನ ಪರವಾಗಿ ಮಾತನಾಡಲು ಓದಿದವರು ಬೇಕೆಂದು ನನ್ನನ್ನು ಮುಂದೆ ತಳ್ಳಿದರು. ನಾನು ಎಂಥವಳೆಂದರೆ, ಪದವಿಯ ಮೌಖಿಕ ಪರೀಕ್ಷೆಯಲ್ಲಿ "ಏನು ಯೋಚನೆ ಮಾಡ್ತಿದ್ದೀಯಮ್ಮ?" ಎಂದು ಕೇಳಿದಾಗ ಹೇಳುವುದು ಬೇಕಾದಷ್ಟಿದ್ದರೂ "ಏನಿಲ್ಲ ಸಾರ್" ಎಂದು ಎದ್ದುಬಂದವಳು.

"ಇವಳನ್ನ ನಿಲ್ಲಿಸಿದ್ರಾ?" ಎಂದು ಹಿಂದಿನಿಂದ ಯಾರೋ ನಕ್ಕರು. "ಇವಳು ಬಾಯಿ ಬಿಡೋ ಹೊತ್ಗೆ ಓಟಮರ ಕಾಯಿ ಬಿಟ್ಟಿರ್ತವೆ."

"ನೀ ಸುಮ್ಕಿರ್ಲಾ," ಎಂದಳು ದೇವೀರಮ್ಮತ್ತೆ. "ಹೇಳು ಕೂಸೆ. ತಪ್ಪಾದ್ರೆ ನಾ ಇವ್ನಿ."

ವರದಪ್ಪನವರು ಹಾಳೆ ಓದಿದರು. "ನೋಡಿ, ನಿಮ್ಮೋರೇ ಹೇಳಿದ್ದು. ಇಲ್ಲಿ ಏನಿಲ್ಲ ಅಂತ. ನಾವು ಹೇಳಿದ್ದಲ್ಲ."

ನಾನು ಬರೆದುಕೊಂಡು ಹೋಗಿದ್ದ ನಾಲ್ಕು ಪುಟ ಮರೆತೇಹೋಯಿತು. ಕಣ್ಣೆತ್ತಿದರೆ ಗುಡ್ಡದ ತುಂಬ ಕರಡ ಒಂದೇ ಕಡೆಗೆ ಬಾಗಿ ಏಳುತ್ತಿತ್ತು. ಯಾಕೆ ಹಾಗೆ ಕೇಳಿದೆನೋ ತಿಳಿಯದು. ಮನೆಗೆ ಬಂದವರನ್ನು ಕೇಳುವ ಹಾಗೆ ಕೇಳಿಬಿಟ್ಟೆ.

"ಸ್ವಾಮಿ, ಇಷ್ಟು ದೂರ ಹತ್ತಿಕೊಂಡು ಬಂದಿದ್ದೀರಿ. ಏನು ಸಮಾಚಾರ?"

"ಏನಿಲ್ಲಮ್ಮ," ಎಂದರು ಅವರು, "ಈ ವಿಚಾರಣೆ ಒಂದು ಮುಗಿಸಿಬಿಡೋಣ ಅಂತ..."

ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಅತ್ತೆಯ ದನಿ ಹಡ್ಲಿನ ಆ ತುದಿಗೂ ಕೇಳಿಸಿತು: "ಬರ್ಕಳಿ, ಬರ್ಕಳಿ! ಸಾಹೇಬ್ರು ಬಂದಿರೋದಕ್ಕೆ ಕಾರಣ, ಏನಿಲ್ಲ! ಮುಂದಕ್ಕೆ ಒಂದಕ್ಷರ ಬರೀಬ್ಯಾಡಿ!"

ನಲವತ್ತೊಂದು ಮನೆಯವರೂ ನಕ್ಕರು. ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತನೂ ಪುಸ್ತಕ ಮರೆ ಮಾಡಿಕೊಂಡು ನಕ್ಕ. ಆ ನಗುವಿನ ಬಲದಲ್ಲಿ ನನಗೆ ಮಾತು ಬಂತು. ಏನಿಲ್ಲ ಎಂಬುದು ನಮ್ಮಲ್ಲಿ ಉತ್ತರವಲ್ಲ, ಉತ್ತರದ ಹೊಸ್ತಿಲು ಎಂದೆ. ದೊಡ್ಡವರ ಮುಂದೆ ದನಿ ತಗ್ಗಿಸಲು, ಇರುವುದನ್ನು ಮೆರೆಸದೆ ಇಡಲು ನಾವು ಮೊದಲು ಅದನ್ನು ಹೇಳಿ ಆಮೇಲೆ ಇರುವುದನ್ನೆಲ್ಲ ಹೇಳುತ್ತೇವೆ ಎಂದೆ. ಅಂದು ಪುಸ್ತಕ ಹಿಡಿದು ಬಂದವರು ಹೊಸ್ತಿಲಿನಲ್ಲೇ ನಿಂತು ಮನೆಯೇ ಇಲ್ಲವೆಂದು ಬರೆದುಕೊಂಡು ಹೋದರು ಎಂದೆ. ಆಮೇಲೆ ಕೇತಜ್ಜಿ, ನಿಮ್ಮ ಮಾತಿನ ಉಳಿದ ಭಾಗವನ್ನು ಹೇಳಿದೆ. ಹೇಳುತ್ತಾ ಗೊತ್ತಿಲ್ಲದೆ ಸೆರಗಿನಲ್ಲಿ ಮುಖ ಒರೆಸಿಕೊಂಡೆನಂತೆ. ಅತ್ತೆ ಆಮೇಲೆ ಹೇಳಿದಳು.

ವರದಪ್ಪನವರು ಬಹಳ ಹೊತ್ತು ಕನ್ನಡಕ ಒರೆಸಿದರು. "ನೀನು ಹೇಳೋದು ಸರಿ ಇರಬಹುದು ಮಗಳೇ," ಎಂದರು. "ನಾನೂ ಕನ್ನಡದವನೇ. ಆದರೆ ನಾನು ನೋಡೋದು ಕಾಗದ. ಇದಕ್ಕೆ ಎದುರಾಗಿ ಆ ಕಾಲದ್ದೇ ಒಂದು ಕಾಗದ ತಾ. ಮುಂಗಾರಿನವರೆಗೂ ಕಾಯ್ತೀನಿ."

ಅದಕ್ಕೇ ನನ್ನ ಆಯುಷ್ಯದ ಒಂದೇ ಹಿಂದಂಚೆಯನ್ನು ನಿಮಗೆ ಬರೆಯುತ್ತಿದ್ದೇನೆ. ನನ್ನ ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಈ ಕಾಗದವನ್ನು ಅವಳಿಗೆಂದು ಇಟ್ಟುಕೊಂಡಿದ್ದೆ. ಅವಳ ಬೇರುಗಿಂಡಿಯನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಅವಳಿದ್ದರೂ ಇದನ್ನೇ ಮಾಡೆನ್ನುತ್ತಿದ್ದಳು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಕೇತಜ್ಜಿ. ನಿಮ್ಮ ಸಂಕೋಚವೇ ನನಗೂ ಬಂದಿದೆ. ಅದನ್ನು ನಾನು ಬಲ್ಲೆ. ಪುಸ್ತಕ ಹಿಡಿದವರ ಎದುರು ಹುಲ್ಲಿನ ಹೆಸರು ಹೇಳಲು ನಾಚಿಕೆಯಾಗುತ್ತದೆ. ತೇಗ, ಬೀಟೆ ಎಂದರೆ ಅವರ ಪೆನ್ನು ತಾನೇ ಓಡುತ್ತದೆ. ಕರಡ ಎಂದರೆ ತಲೆಯೆತ್ತಿ ಇನ್ನೇನಾದರೂ ಇದೆಯಾ ಎಂದು ನೋಡುತ್ತಾರೆ. ನೋಡಲಿ. ನೀವು ತಲೆ ತಗ್ಗಿಸಬೇಡಿ. ಬುದ್ಧಿ ಎನ್ನಬೇಡಿ, ಅವರೂ ನಿಮ್ಮ ಹಾಗೆ ಬಿಸಿಲಿನಲ್ಲಿ ನಡೆದು ಬಂದ ಮನುಷ್ಯರು. ಕುಡಿಯಲು ಹಡ್ಲಿನ ನೀರು ಕೊಡಿ. ಅವರು ಕುಡಿಯುತ್ತಿರುವಾಗ ಹೇಳಿ.

ನಿಮ್ಮ ಮಾತಿನಲ್ಲಿ ಒಂದೇ ಒಂದು ಪದ ಬಿಡಿ, ಸಾಕು. ಮೊದಲನೆಯದನ್ನು. ಕರಡದಿಂದ ಶುರು ಮಾಡಿ. ಅಂಕಣ ಸಾಲದಿದ್ದರೆ ಅಂಚಿನಲ್ಲಿ ಬರೆಯಲಿ, ಹಿಂಬದಿಯಲ್ಲಿ ಬರೆಯಲಿ. ಬರೆದದ್ದನ್ನು ಓದಿ ಹೇಳಿ ಎನ್ನಿ. ಓದಿ ಹೇಳುವವರೆಗೆ ಹೊರೆ ಎತ್ತಬೇಡಿ.

ಪ್ರತಿ ಬೆಳಿಗ್ಗೆ ಗಿಂಡಿ ನೋಡಿ ಬಂದು ಈ ಹಾಳೆಯನ್ನು ನೋಡುತ್ತೇನೆ. ಇವತ್ತಿಗೂ ಅದೇ ದುಂಡಗಿನ ಅಕ್ಷರವಿದೆ. ನಾಳೆ ಬೆಳಿಗ್ಗೆ ಅದು ಬದಲಾಗಿರಬಹುದು, ಆಗದೆಯೂ ಇರಬಹುದು. ಬದಲಾಗದಿದ್ದರೆ ನಿಮಗೆ ಕಾಗದ ತಲುಪಲಿಲ್ಲವೆಂದು ತಿಳಿಯುತ್ತೇನೆ. ನೀವು ಮಾತು ಕೇಳಲಿಲ್ಲವೆಂದು ತಿಳಿಯುವುದಿಲ್ಲ.

ಆಗಲೂ ನಾವು ಇಲ್ಲಿಂದ ಏಳುವವರಲ್ಲ. ಮುಂಗಾರಿನ ದಿನ ಸಸಿಗಳು ಮೇಲೆ ಬಂದರೆ, ಸಸಿ ನೆಡಲು ತೋಡುವ ಒಂದೊಂದು ಗುಂಡಿಗೆ ಒಬ್ಬೊಬ್ಬರಂತೆ ಹಡ್ಲಿನಲ್ಲಿ ಕೂರುವುದೆಂದು ಊರು ಮಾತಾಡಿಕೊಂಡಿದೆ. ಚಾಪೆಗಳನ್ನು ಯಾರೂ ಸುತ್ತಿಲ್ಲ. ಅತ್ತೆ ತನ್ನ ಜಾಗವನ್ನು ಈಗಲೇ ಗುರುತು ಮಾಡಿಟ್ಟಿದ್ದಾಳೆ, ಲಾವಂಚದ ದೊಡ್ಡ ಬುಡದ ಪಕ್ಕ. ಅದರ ಆಚೆಗಿನದು ನನ್ನದು. ವರದಪ್ಪನವರು ಬಂದು ಅಲ್ಲಿ ಏನಿದೆಯೆಂದು ಕೇಳಿದರೆ ನಾನೇ ಉತ್ತರ ಹೇಳುತ್ತೇನೆ. ಬಾಯಿಪಾಠ ಮಾಡಿಕೊಂಡಿದ್ದೇನೆ.

ಕರಡ. ಗಂಜಣಿ. ಲಾವಂಚ. ಜೇಕು. ಆಪು. ನೀರು. ನಲವತ್ತೊಂದು ಮನೆ. ನಾನು.

ನಿಮ್ಮ ವಂಶದ,
ಮುದ್ದವ್ವ